ಹಬ್ಬ ಸಾಲದು, ಜೊತೆಗೆ ಕೂರುವವರು ಬೇಕು

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಒಂದು ಪ್ರಕಟಣೆ ಹೊರಡಿಸಿತು. ಹಿಸ್ಪಾನಿಕ್, ಕಪ್ಪು, ಏಷ್ಯನ್, ಪೆಸಿಫಿಕ್ ದ್ವೀಪಗಳ ಮತ್ತು ಮೂಲನಿವಾಸಿ ವಿದ್ಯಾರ್ಥಿಗಳು ಹೆಚ್ಚಿರುವ ಕಾಲೇಜುಗಳಿಗೆ ಹೋಗುತ್ತಿದ್ದ ಸುಮಾರು 35 ಕೋಟಿ ಡಾಲರ್ ಅನುದಾನ ಇನ್ನಿಲ್ಲ ಎಂದು ಅದು ಹೇಳಿತು. ಇಂತಿಷ್ಟು ಶೇಕಡಾ ಈ ಜನಾಂಗದವರಿದ್ದರೆ ಮಾತ್ರ ಹಣ ಎನ್ನುವ ನಿಯಮವೇ ತಾರತಮ್ಯ ಎಂಬುದು ಸರ್ಕಾರ ಕೊಟ್ಟ ಕಾರಣ. ಇದರ ಬಗ್ಗೆ ನಡೆದ ವಾದಗಳಲ್ಲಿ ಕಾನೂನಿನ ಮಾತೇ ಹೆಚ್ಚು. ಆ ಹಣದಿಂದ ನಿಜವಾಗಿ ಏನು ನಡೆಯುತ್ತಿತ್ತು, ಯಾರ ಜೊತೆ ಯಾರು ಕೂತು ಏನು ಮಾಡುತ್ತಿದ್ದರು ಎಂದು ವಿಚಾರಿಸಿದವರು ಕಡಿಮೆ.

ಪೆಟ್ಟು ಬಿದ್ದದ್ದು ಹೆಚ್ಚಾಗಿ ಹಾರ್ವರ್ಡ್‌ನಂಥ ಕಡೆಯಲ್ಲ, ಕಮ್ಯುನಿಟಿ ಕಾಲೇಜುಗಳಂಥ ಜಾಗಗಳಲ್ಲಿ. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾದ ಈ ಬಗೆಯ ಕಾಲೇಜುಗಳು ಎರಡು ವರ್ಷದ ಪದವಿ ಕೊಡುತ್ತವೆ, ಕಸುಬು ಕಲಿಸುತ್ತವೆ. ಓದು ಮುಂದುವರಿಸುವವರನ್ನು ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ದಾಟಿಸುತ್ತವೆ. ಪ್ರವೇಶ ಪರೀಕ್ಷೆ ಇಲ್ಲ, ಕಟ್‌ಆಫ್ ಇಲ್ಲ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ 116 ಕಾಲೇಜುಗಳಿವೆ, 20 ಲಕ್ಷಕ್ಕೂ ಹೆಚ್ಚು ಮಂದಿ ಓದುತ್ತಾರೆ. ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ. ಬಡವರಿಗೆ ಅದೂ ಮಾಫಿ. ಬಾಗಿಲು ಇಷ್ಟು ಅಗಲವಾಗಿ ತೆರೆದಿದ್ದರೂ ಒಳಗೆ ಬಂದವರಲ್ಲಿ ಬಹಳಷ್ಟು ಮಂದಿ ಮಧ್ಯದಲ್ಲೇ ಕಾಣೆಯಾಗುತ್ತಾರೆ.

ಕುಪರ್ಟಿನೋದ ಡಿ ಆಂಜಾ ಕಾಲೇಜನ್ನೇ ನೋಡೋಣ. 1967ರಲ್ಲಿ ಆರಂಭವಾದ ಈ ಕಾಲೇಜಿನ ಫ್ಲಿಂಟ್ ಸೆಂಟರ್ ರಂಗಮಂದಿರದಲ್ಲೇ 1984ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂಟಾಷ್ ತೋರಿಸಿದ್ದು. ಸುತ್ತಮುತ್ತ ಆ್ಯಪಲ್, ಕೋಟಿಗಟ್ಟಲೆ ಬೆಲೆಯ ಮನೆಗಳು, ನಮ್ಮ ಕನ್ನಡಿಗ ಎಂಜಿನಿಯರುಗಳ ಸಂಸಾರಗಳು. ಆದರೆ ಕಾಲೇಜಿನ ಬೆಂಚಿನಲ್ಲಿ ಕೂರುವವರು ಬಹುಪಾಲು ಕುಪರ್ಟಿನೋದವರಲ್ಲ. ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲಿ ಓಡುವ 23ನೇ ನಂಬರಿನ ಬಸ್ಸು ಡಿ ಆಂಜಾದಿಂದ ಪೂರ್ವ ಸ್ಯಾನ್ ಹೋಸೆಯ ಆಲಂ ರಾಕ್‌ವರೆಗೆ ಹೋಗುತ್ತದೆ. ಆ ಕಡೆ ಇರುವುದು ಮೆಕ್ಸಿಕನ್, ವಿಯೆಟ್ನಾಮಿ, ಫಿಲಿಪಿನೋ ದುಡಿಯುವ ಕುಟುಂಬಗಳು. ಬೆಳಿಗ್ಗೆ ಅಲ್ಲಿ ಬಸ್ಸು ಹತ್ತಿ ಕ್ಲಾಸಿಗೆ ಬಂದು, ಮಧ್ಯಾಹ್ನ ಅಂಗಡಿಯಲ್ಲೋ ಗೋದಾಮಿನಲ್ಲೋ ಪಾಳಿ ಮುಗಿಸಿ, ರಾತ್ರಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದ ಹುಡುಗಿಗೆ ಎದುರಾಗುವ ಕಷ್ಟ ಪಾಠದ್ದಲ್ಲ. ಯಾವ ಕೋರ್ಸು ತೆಗೆದುಕೊಂಡರೆ ಯಾವ ವಿಶ್ವವಿದ್ಯಾಲಯ ಒಪ್ಪುತ್ತದೆ, ಯಾವ ಅರ್ಜಿಗೆ ಯಾವ ಕೊನೆಯ ದಿನ, ಒಂದು ವಿಷಯ ಬಿಟ್ಟರೆ ಧನಸಹಾಯ ನಿಲ್ಲುತ್ತದೆಯೇ ಎಂಬುದನ್ನು ಹೇಳಿಕೊಡುವವರು ಅವಳ ಮನೆಯಲ್ಲಿಲ್ಲ. ಪದವಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ 9 ಕ್ಯಾಂಪಸ್ಸುಗಳು, ಸ್ಟೇಟ್ ಯೂನಿವರ್ಸಿಟಿಯ 20ಕ್ಕೂ ಹೆಚ್ಚು ಕ್ಯಾಂಪಸ್ಸುಗಳು, ಪ್ರತಿ ವಿಭಾಗದ್ದೂ ಪ್ರತ್ಯೇಕ ಪಟ್ಟಿ. ಸೆಮಿಸ್ಟರ್ ಲೆಕ್ಕದಲ್ಲಿ 60 ಯೂನಿಟ್‌ಗೆ ಮುಗಿಯಬೇಕಾದ ಓದು ತಪ್ಪು ಕೋರ್ಸುಗಳಿಂದಾಗಿ 80, 90ಕ್ಕೆ ಎಳೆಯುತ್ತದೆ. ಎಂಜಿನಿಯರ್ ಅಪ್ಪನಿದ್ದ ಮನೆಯಲ್ಲಿ ಊಟದ ಹೊತ್ತಿನ ಮಾತಿನಲ್ಲಿ ಬಗೆಹರಿಯುವ ವಿಷಯ ಇಲ್ಲಿ ಎರಡು ವರ್ಷ ತಿನ್ನುತ್ತದೆ.

ಈ ಕೊರತೆ ತುಂಬಲು ಕಾಲೇಜುಗಳು ಮಾಡುವ ಕೆಲಸ ಎರಡು ಬಗೆಯದು. ಒಂದು ಎಲ್ಲರ ಕಣ್ಣಿಗೆ ಬೀಳುವಂಥದ್ದು: ಫೆಬ್ರವರಿಯಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು, ಮೇ ತಿಂಗಳಲ್ಲಿ ಏಷ್ಯನ್ ಪರಂಪರೆ, ಸೆಪ್ಟೆಂಬರ್ 15ರಿಂದ ಹಿಸ್ಪಾನಿಕ್ ಪರಂಪರೆ, ಕುಣಿತ, ತಿಂಡಿ, ಧ್ವಜ, ಭಾಷಣ. ಇನ್ನೊಂದು ಮುಚ್ಚಿದ ಕೋಣೆಯಲ್ಲಿ ಇಬ್ಬರ ನಡುವೆ ನಡೆಯುವಂಥದ್ದು. ಮೊದಲನೆಯದನ್ನು ಹಗುರವಾಗಿ ಕಾಣುವವನಲ್ಲ ನಾನು. ತನ್ನ ಅಜ್ಜಿಯ ಹಾಡು ಕಾಲೇಜಿನ ಅಂಗಳದಲ್ಲಿ ಕೇಳಿದರೆ ಹತ್ತೊಂಬತ್ತರ ಹುಡುಗನ ಬೆನ್ನು ನೆಟ್ಟಗಾಗುತ್ತದೆ, ಇದು ನನ್ನ ಜಾಗವೂ ಹೌದು ಅನಿಸುತ್ತದೆ. ಆದರೆ ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಅವನ ಕೋರ್ಸಿನ ಪಟ್ಟಿ ನೋಡುವವರು ಯಾರೂ ಇಲ್ಲದಿದ್ದರೆ ಇದನ್ನೆಲ್ಲ ನಡೆಸುವ ಕಾಲೇಜಿನ ಬಹುಸಂಸ್ಕೃತಿ ಕಚೇರಿ ತನ್ನ ಅರ್ಧ ಕೆಲಸವನ್ನೂ ಮಾಡಿಲ್ಲ.

ಎರಡನ್ನೂ ಒಂದೇ ಎಳೆಗೆ ಪೋಣಿಸಿದ ಪ್ರಯೋಗವೊಂದಿದೆ. ಓಕ್ಲೆಂಡ್‌ನ ದಕ್ಷಿಣಕ್ಕೆ ಹೇವರ್ಡ್ ಎಂಬ ಊರಿನ ಶಾಬೋ ಕಾಲೇಜಿನಲ್ಲಿ 1981ರಲ್ಲಿ ಇಂಗ್ಲಿಷ್ ಅಧ್ಯಾಪಕಿ ಪ್ಯಾಟ್ರಿಷಿಯಾ ಮೆಕ್‌ಗ್ರಾತ್ ಮತ್ತು ಕೌನ್ಸೆಲರ್ ಫೆಲಿಕ್ಸ್ ಗಾಲವಿಜ್ ಲ್ಯಾಟಿನೋ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಹರಡಿಕೊಂಡು ಕೂತರು. ಮೂರು ಸಂಗತಿ ಮತ್ತೆ ಮತ್ತೆ ಕಂಡವು. ಮಕ್ಕಳು ಕೌನ್ಸೆಲರ್ ಹತ್ತಿರ ಸುಳಿಯುತ್ತಲೇ ಇಲ್ಲ. ಕಾಲೇಜು ಮಟ್ಟದ ಬರವಣಿಗೆ ಕೋರ್ಸಿಗೆ ಸೇರುತ್ತಿಲ್ಲ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಇದಕ್ಕೆ ಅವರು ಕಟ್ಟಿದ ಉತ್ತರದ ಹೆಸರು ಪುಯೆಂಟೆ. ಒಂದೇ ತಂಡ ಎರಡು ಸೆಮಿಸ್ಟರ್ ಒಟ್ಟಿಗೆ ಬರವಣಿಗೆ ತರಗತಿಯಲ್ಲಿ ಕೂರುತ್ತದೆ. ಓದುವುದು ಮೆಕ್ಸಿಕನ್ ಅಮೆರಿಕನ್ ಮತ್ತು ಲ್ಯಾಟಿನೋ ಲೇಖಕರನ್ನು, ಬರೆಯುವುದು ತಮ್ಮ ಮನೆ, ಕೇರಿ, ದುಡಿಮೆಯ ಬಗ್ಗೆ. ವಿಶ್ವವಿದ್ಯಾಲಯಕ್ಕೆ ದಾಟುವವರೆಗೂ ಕೌನ್ಸೆಲರ್ ಒಬ್ಬರೇ, ಬದಲಾಗುವುದಿಲ್ಲ. ಊರಿನ ವಕೀಲರು, ದಾದಿಯರು, ಎಂಜಿನಿಯರುಗಳು ಹಿರಿಯ ಒಡನಾಡಿಗಳಾಗಿ ಸೇರುತ್ತಾರೆ. ಒಂದು ಸಂಜೆ ತಂದೆ ತಾಯಿ ಅಜ್ಜಿ ಎಲ್ಲರನ್ನೂ ಕ್ಯಾಂಪಸ್ಸಿಗೆ ಕರೆಸಿ ಊಟ ಹಾಕಿ, ಮಗಳು ಓದಲು ದೂರದ ಊರಿಗೆ ಹೋಗಬೇಕಾದೀತು ಎಂಬುದನ್ನು ಅವರ ಭಾಷೆಯಲ್ಲೇ ಮಾತಾಡುತ್ತಾರೆ. ಮನೆ ಒಪ್ಪದೆ ಟ್ರಾನ್ಸ್‌ಫರ್ ಆಗುವುದಿಲ್ಲ ಎಂದು ಗೊತ್ತಿದ್ದವರು ಮಾತ್ರ ಹೀಗೆ ಯೋಚಿಸಬಲ್ಲರು. ಇವತ್ತು ಕ್ಯಾಲಿಫೋರ್ನಿಯಾದ 60ಕ್ಕೂ ಹೆಚ್ಚು ಕಮ್ಯುನಿಟಿ ಕಾಲೇಜುಗಳಲ್ಲಿ ಪುಯೆಂಟೆ ಇದೆ. ಯಾವ ಹಿನ್ನೆಲೆಯವರೂ ಸೇರಬಹುದು.

ಇಲ್ಲಿ ಸಂಸ್ಕೃತಿ ಅಲಂಕಾರವಾಗಿ ಉಳಿಯದೆ ಪಠ್ಯವೇ ಆಗಿದೆ. ಪ್ರಬಂಧ ಬರೆಯಲು ಹೆದರುವ ಹುಡುಗ ತನಗೆ ಗೊತ್ತಿರುವ ಬದುಕಿನ ಬಗ್ಗೆ ಮೊದಲು ಬರೆದು, ಆ ಬರವಣಿಗೆಯಲ್ಲೇ ವಾದ ಹೂಡುವುದನ್ನು ಕಲಿಯುತ್ತಾನೆ. ತಯಾರಿಯಿಲ್ಲ ಎಂದು ಅವನನ್ನು ಕೆಳಗಿನ ತರಗತಿಗೆ ಇಳಿಸುವುದಕ್ಕಿಂತ ಮೇಲಿನ ತರಗತಿಯಲ್ಲೇ ಕೂರಿಸಿ ಕೈಹಿಡಿಯುವುದು ಮೇಲು ಎಂಬ ಈ ನಂಬಿಕೆಯನ್ನು ರಾಜ್ಯ ಒಪ್ಪಿಕೊಳ್ಳಲು 2017ರವರೆಗೆ ಕಾಯಬೇಕಾಯಿತು. ಆ ವರ್ಷದ ಎಬಿ 705 ಕಾಯ್ದೆ, ಪದವಿಗೆ ಲೆಕ್ಕಕ್ಕಿಲ್ಲದ ಪೂರ್ವಸಿದ್ಧತೆ ಕೋರ್ಸುಗಳಿಗೆ ವಿದ್ಯಾರ್ಥಿಗಳನ್ನು ದೂಡುವ ರೂಢಿಗೆ ಕಡಿವಾಣ ಹಾಕಿತು.

ಜೊತೆಗೆ ಕೂರುವುದರಿಂದ ಫಲ ಸಿಗುತ್ತದೆ ಎನ್ನುವುದು ಬರೀ ಆಶಯವಲ್ಲ. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ಎಎಸ್ಎಪಿ ಎಂಬ ಯೋಜನೆ ಶುರು ಮಾಡಿತು. ಕಡಿಮೆ ವಿದ್ಯಾರ್ಥಿಗಳ ಹೊಣೆಯಿರುವ ಸಲಹೆಗಾರರು, ಪುಸ್ತಕಕ್ಕೆ ಹಣ, ಬಸ್ಸು ಮೆಟ್ರೋಗೆ ಪಾಸು, ಪೂರ್ಣಾವಧಿ ಓದಿನ ಕಟ್ಟುಪಾಡು. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿತು. ಮೂರು ವರ್ಷದೊಳಗೆ ಪದವಿ ಪಡೆದವರು ಈ ಯೋಜನೆಯಲ್ಲಿ ಶೇ 40, ಹೊರಗಿದ್ದವರಲ್ಲಿ ಶೇ 22. ಒಬ್ಬ ವಿದ್ಯಾರ್ಥಿಗೆ ತಗಲುವ ಖರ್ಚು ಹೆಚ್ಚು, ಆದರೆ ಒಂದು ಪದವಿಗೆ ತಗಲುವ ಖರ್ಚು ಕಡಿಮೆ. ಬಜೆಟ್ ಮಂಡಿಸುವವರು ಈ ಕೊನೆಯ ಲೆಕ್ಕವನ್ನು ನೋಡದಿರುವುದು ನನಗೆ ಅತ್ಯಂತ ನೋವಿನ ಸಂಗತಿ.

ಈಗ ಜನಾಂಗದ ಲೆಕ್ಕಕ್ಕೆ ಬರೋಣ. 2007ರ ಕಾಯ್ದೆಯಲ್ಲಿ ಏಷ್ಯನ್ ಅಮೆರಿಕನ್ ಮತ್ತು ಪೆಸಿಫಿಕ್ ದ್ವೀಪವಾಸಿ ವಿದ್ಯಾರ್ಥಿಗಳ ಕಾಲೇಜುಗಳಿಗೆಂದು ಕೇಂದ್ರ ಅನುದಾನ ಹುಟ್ಟಿತು. ಈ ವಿದ್ಯಾರ್ಥಿಗಳು ಕನಿಷ್ಠ ಶೇ 10 ಇರಬೇಕು, ಬಡ ವಿದ್ಯಾರ್ಥಿಗಳೂ ಸಾಕಷ್ಟಿರಬೇಕು. 2008ರಲ್ಲಿ ಮೊದಲ ಕಂತು ಪಡೆದ ಬೆರಳೆಣಿಕೆಯ ಕಾಲೇಜುಗಳಲ್ಲಿ ಡಿ ಆಂಜಾ ಒಂದು. ದಕ್ಷಿಣ ಸಿಯಾಟಲ್ ಮತ್ತು ಗುವಾಮ್‌ನ ಕಮ್ಯುನಿಟಿ ಕಾಲೇಜುಗಳೂ ಇದ್ದವು. ‘ಏಷ್ಯನ್’ ಎಂಬ ಒಂದೇ ಕಾಲಮಿನಲ್ಲಿ ಬಸವನಗುಡಿಯಿಂದ ಹೋದ ಸಾಫ್ಟ್‌ವೇರ್ ದಂಪತಿಯ ಮಗನೂ ಇದ್ದಾನೆ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಯಲ್ಲಿ ದುಡಿಯುವ ವಿಯೆಟ್ನಾಮಿ ತಾಯಿಯ ಮಗಳೂ ಇದ್ದಾಳೆ. ನಮ್ಮ ಹುಡುಗರು ಬೇಸಿಗೆಯಲ್ಲಿ ಡಿ ಆಂಜಾಗೆ ಹೋಗಿ ಒಂದು ಗಣಿತದ ಕೋರ್ಸು ಮುಗಿಸಿ ಬರುತ್ತಾರೆ. ಗಂಡನ ಉದ್ಯೋಗ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದ ಹೆಣ್ಣುಮಕ್ಕಳು ಅಲ್ಲೇ ಅಕೌಂಟಿಂಗೋ ಪ್ರೋಗ್ರಾಮಿಂಗೋ ಕಲಿತು ಮತ್ತೆ ಕೆಲಸದ ಹಾದಿ ಹಿಡಿಯುತ್ತಾರೆ. ಏಷ್ಯನ್ನರ ಯಶಸ್ಸಿನ ಸರಾಸರಿಯನ್ನು ಎತ್ತುವವರಲ್ಲಿ ಭಾರತೀಯರು ಮುಖ್ಯರು, ಆ ಸರಾಸರಿಯ ಹಿಂದೆ ಮರೆಯಾಗುವವರು ಮೋಂಗ್, ಕಾಂಬೋಡಿಯನ್, ಸಮೋವನ್ ಮಕ್ಕಳು. ‘ಏಷ್ಯನ್ನರಿಗೆ ಏನು ಕಡಿಮೆ’ ಎಂದು ಕೇಳುವವರು ನೋಡುತ್ತಿರುವುದು ನಮ್ಮನ್ನು. ಅಲ್ಲಿನ ಕನ್ನಡಿಗರು ಈ ವಿಷಯದಲ್ಲಿ ಸುಮ್ಮನಿರಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಶೇ 10, ಶೇ 25 ಎಂಬ ಗೆರೆಗಳು ದೋಷವಿಲ್ಲದವಲ್ಲ. ಹಿಸ್ಪಾನಿಕ್ ವಿದ್ಯಾರ್ಥಿಗಳು ಶೇ 25 ಇರುವ ಕಾಲೇಜಿಗೆ ಹಣ, ಶೇ 24 ಇರುವ ಕಾಲೇಜಿಗೆ ಇಲ್ಲ. ಎರಡರಲ್ಲೂ ಇರುವ ಬಡ ಹುಡುಗಿಯ ಕಷ್ಟ ಒಂದೇ. ಆದರೆ ಗೆರೆ ದಾಟಿದ ಮೇಲೆ ಹಣ ಹೋಗುತ್ತಿದ್ದುದು ಕಾಲೇಜಿಗೆ. ಅದರಿಂದ ನೇಮಕವಾದ ಕೌನ್ಸೆಲರ್ ಬಾಗಿಲಿಗೆ ಬಂದವರ ಜನಾಂಗ ಕೇಳಿ ಒಳಗೆ ಬಿಡುತ್ತಿರಲಿಲ್ಲ. ಗೆರೆ ಸರಿಯಿಲ್ಲದಿದ್ದರೆ ಗೆರೆಯನ್ನು ತಿದ್ದಬಹುದಿತ್ತು. ಕೌನ್ಸೆಲರ್‌ನ ಕುರ್ಚಿಯನ್ನೇ ತೆಗೆದದ್ದು ಅನ್ಯಾಯ.

ಗೆರೆ ತಿದ್ದುವುದು ಹೇಗೆಂದು ಕ್ಯಾಲಿಫೋರ್ನಿಯಾ ಬಹಳ ಹಿಂದೆಯೇ ತೋರಿಸಿದೆ. 1960ರ ದಶಕದ ಓಕ್ಲೆಂಡ್‌ನಲ್ಲಿ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಾಗಿದ್ದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟುವ ಮುನ್ನ ತಮ್ಮ ಕಾಲೇಜಿನಲ್ಲಿ ಕಪ್ಪು ಜನರ ಇತಿಹಾಸ ಕಲಿಸಿ ಎಂದು ಹೋರಾಡಿದ್ದರು. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್‌ನಲ್ಲಿ ಶುರುವಾದ ವಿದ್ಯಾರ್ಥಿ ಮುಷ್ಕರ ಮರುವರ್ಷದ ಮಾರ್ಚ್‌ವರೆಗೆ ನಡೆಯಿತು. ಆ ಕಾವಿನಲ್ಲೇ 1969ರಲ್ಲಿ ಸೆನೆಟರ್ ಆಲ್‌ಫ್ರೆಡ್ ಆಲ್‌ಕ್ವಿಸ್ಟ್ ಅವರ ಮಸೂದೆ ಕಾಯ್ದೆಯಾಗಿ ಇಒಪಿಎಸ್ ಯೋಜನೆ ಬಂತು. ಅದರ ಅರ್ಹತೆಗೆ ಜನಾಂಗದ ಶೇಕಡಾವಾರು ಆಧಾರವಲ್ಲ. ಕುಟುಂಬದ ಆದಾಯ, ಹಿಂದಿನ ಓದಿನ ಕೊರತೆ, ಮನೆಯಲ್ಲಿ ಮೊದಲ ಕಾಲೇಜು ವಿದ್ಯಾರ್ಥಿಯೇ, ಮನೆಮಾತು ಇಂಗ್ಲಿಷೇ ಎಂಬ ಪ್ರಶ್ನೆಗಳು. ಸೇರಿದವರು ಸೆಮಿಸ್ಟರಿಗೆ ಮೂರು ಬಾರಿ ಕೌನ್ಸೆಲರನ್ನು ಕಾಣಲೇಬೇಕು, ಪುಸ್ತಕಕ್ಕೆ ನೆರವು ಸಿಗುತ್ತದೆ. ಸರ್ಕಾರಿ ಶಿಕ್ಷಣದಲ್ಲಿ ಜನಾಂಗಾಧಾರಿತ ಆದ್ಯತೆಯನ್ನು 1996ರ 209ನೇ ಪ್ರಸ್ತಾಪ ನಿಷೇಧಿಸಿದ ಮೇಲೂ ಇದು ಉಳಿಯಿತು. ರಾಜ್ಯದ ಕಾಯ್ದೆಯಲ್ಲಿ, ರಾಜ್ಯದ ಬಜೆಟ್ಟಿನಲ್ಲಿ ಬೇರುಬಿಟ್ಟಿದ್ದರಿಂದ ವಾಷಿಂಗ್ಟನ್‌ನ ಒಂದು ಪ್ರಕಟಣೆಗೆ ಇದು ಮುರಿದುಬೀಳುವುದಿಲ್ಲ.

ಹಾಗೆಂದು ಇಒಪಿಎಸ್ ಒಂದೇ ಸಾಕು ಎನ್ನಲಾರೆ. 2009ರ ಆರ್ಥಿಕ ಕುಸಿತದಲ್ಲಿ ರಾಜ್ಯವೇ ಅದರ ಹಣಕ್ಕೆ ದೊಡ್ಡ ಕತ್ತರಿ ಹಾಕಿತ್ತು. ಸೇರಲು ಸಾಮಾನ್ಯವಾಗಿ 12 ಯೂನಿಟ್‌ನ ಪೂರ್ಣಾವಧಿ ಓದು ಬೇಕು. ಕಮ್ಯುನಿಟಿ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು ದುಡಿಯುತ್ತಲೇ ಅರೆಕಾಲಿಕವಾಗಿ ಓದುವವರು. ಯಾರಿಗೆ ಅತಿ ಹೆಚ್ಚು ಬೇಕೋ ಅವರೇ ಹೊರಗೆ. ಬರೀ ಆದಾಯದ ಪ್ರಮಾಣಪತ್ರ ಹಿಡಿದು ಬಂದವನಿಗೆ ಪುಯೆಂಟೆಯ ತರಗತಿಯಲ್ಲಿ ಸಿಗುವ ಆಪ್ತತೆ ಸಿಗುವುದೂ ಇಲ್ಲ. ಆದ್ದರಿಂದ ಪುಯೆಂಟೆ, ಕಪ್ಪು ವಿದ್ಯಾರ್ಥಿಗಳ ಉಮೋಜಾ, ಏಷ್ಯನ್ ಮಕ್ಕಳಿಗೆ ಡಿ ಆಂಜಾ ಕಟ್ಟಿದ ಇಂಪ್ಯಾಕ್ಟ್ ಎಎಪಿಐ ಇವುಗಳ ಪಠ್ಯ ಮತ್ತು ಬಳಗ ಹಾಗೇ ಉಳಿಯಬೇಕು, ಅವುಗಳ ಕೌನ್ಸೆಲರುಗಳ ಸಂಬಳ ಇಒಪಿಎಸ್ ಮಾದರಿಯಲ್ಲಿ ರಾಜ್ಯದ ಕಾಯಂ ಲೆಕ್ಕಕ್ಕೆ ಬರಬೇಕು, 12 ಯೂನಿಟ್‌ನ ಷರತ್ತು 6ಕ್ಕೆ ಇಳಿಯಬೇಕು.

ಕೇಂದ್ರದ ಈ ಅನುದಾನಗಳು ಸಾಮಾನ್ಯವಾಗಿ 5 ವರ್ಷದ ಅವಧಿಯವು. ಅವುಗಳ ಮೇಲೆ ನೇಮಕವಾದ ಕೌನ್ಸೆಲರ್ ಮೊದಲ ವರ್ಷ ಕೆಲಸ ಕಲಿಯುತ್ತಾರೆ, ಎರಡನೇ ವರ್ಷದಲ್ಲಿ ಮಕ್ಕಳು ನಂಬತೊಡಗುತ್ತಾರೆ, ನಾಲ್ಕನೇ ವರ್ಷದಲ್ಲಿ ಆ ಕೌನ್ಸೆಲರೇ ಬೇರೆ ಕೆಲಸ ಹುಡುಕತೊಡಗುತ್ತಾರೆ. ಸೆಪ್ಟೆಂಬರ್‌ನ ಪ್ರಕಟಣೆ ಆ 5 ವರ್ಷವನ್ನೂ ಪೂರ್ತಿ ಕೊಡಲಿಲ್ಲ. ಈ ಕೌನ್ಸೆಲರುಗಳನ್ನು ಉಳಿಸಬೇಕೇ ಎಂದು ಈಗ ತೀರ್ಮಾನಿಸಬೇಕಾದ ಕ್ಯಾಲಿಫೋರ್ನಿಯಾದ ಕಾಲೇಜುಗಳ ಆಡಳಿತ ಮಂಡಳಿಗಳು ಜನರಿಂದ ಚುನಾಯಿತವಾದವು; ಕುಪರ್ಟಿನೋ, ಸನಿವೇಲ್‌ನ ಅಮೆರಿಕನ್ ಪೌರರಾದ ಕನ್ನಡಿಗರಿಗೆ ಡಿ ಆಂಜಾ ಇರುವ ಫುಟ್‌ಹಿಲ್–ಡಿ ಆಂಜಾ ಜಿಲ್ಲೆಯ ಮಂಡಳಿಗೆ ಮತ ಹಾಕುವ ಹಕ್ಕಿದೆ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದ ಅಭ್ಯರ್ಥಿಯನ್ನು ಅವರು ಕೇಳಬೇಕಾದ ಪ್ರಶ್ನೆ ಇದು: ಅನುದಾನ ನಿಂತ ಮೇಲೆ ಆ ಕೌನ್ಸೆಲರುಗಳಲ್ಲಿ ಎಷ್ಟು ಮಂದಿಯನ್ನು ನೀವು ಕಾಯಂ ಮಾಡುತ್ತೀರಿ?