ಬಡಿಸುವವನ ಹೊಟ್ಟೆಯ ಲೆಕ್ಕ



ಘೋಡಬಂದರ್ ರಸ್ತೆಯಲ್ಲಿ ಮಾನಪಾಡಾದಿಂದ ಕಾಸಾರವಡವಲಿಯವರೆಗೆ ಒಮ್ಮೆ ನಡೆದು ನೋಡಿ. ಮುಗಿಲು ಮುಟ್ಟುವ ಕಟ್ಟಡಗಳು, ಅವುಗಳ ಬುಡದಲ್ಲಿ ನಮ್ಮವರು ದುಡಿಯುವ ಹೋಟೆಲುಗಳು. ಬೆಳಗಿನಿಂದ ನೂರಾರು ತಟ್ಟೆ ಬಡಿಸಿದ ಮಾಣಿ ಮಧ್ಯಾಹ್ನ ಮೂರೂವರೆಗೆ ಉಣ್ಣಲು ಕೂತರೆ ಅವನ ಪಾಲಿಗೆ ಅನ್ನ ಮತ್ತು ನೀರು ಸಾಂಬಾರು. ನಡುವೆ ಹಸಿವಾದರೆ ಚಹಾ. "ಹೊಟ್ಟೆ ತುಂಬಾ ಹಾಕುತ್ತೇವಲ್ಲ!" ಎನ್ನುತ್ತಾರೆ ಧಣಿಗಳು. ತುಂಬಿದೆ, ನಿಜ. ಯಾವುದರಿಂದ ತುಂಬಿದೆ ಎಂಬುದೇ ನಮ್ಮ ಜಗಳ. ಬೇಳೆ, ಸೊಪ್ಪು, ಮೊಟ್ಟೆ ಕಾಣದ ಹೊಟ್ಟೆ ತುಂಬಿದ್ದರೂ ಮೈಗೆ ರಕ್ತ ಹತ್ತುವುದಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುವ ಹುಡುಗನನ್ನು ಸೋಮಾರಿ ಎಂದು ಬೈಯುವವರನ್ನು ನಾವು ದಿನವೂ ಕಾಣುತ್ತೇವೆ. ರಾಜ್ಯೋತ್ಸವ ಬಂತೆಂದರೆ ಅವರಿಗೇ ಅನ್ನದಾತರೆಂದು ಶಾಲು ಹೊದಿಸುವವರೂ ನಾವೇ!

ಕಲಬುರಗಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳನ್ನು ಕೇಳುವವರೇ ಇಲ್ಲ. ಸರ್ಕಾರದ್ದೇ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ನಗರಗಳಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 30 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 54 ಮಂದಿಗೆ ರಕ್ತಹೀನತೆ. ಇದು ಹಳ್ಳಿಯ ಬರಗಾಲದ ಮಾತಲ್ಲ.

ರೇಷನ್ ಇದೆಯಲ್ಲ ಎನ್ನುವವರುಂಟು. 2013ರ ಆಹಾರ ಭದ್ರತಾ ಕಾಯ್ದೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಕೊಡುತ್ತದೆ, 2023ರಿಂದ ಪುಕ್ಕಟೆಯಾಗಿ. ಧಾನ್ಯ ಮಾತ್ರ, ಬೇಳೆ, ಎಣ್ಣೆ ಆ ಕಾಯ್ದೆಯಲ್ಲಿಲ್ಲ. ಅದಾದರೂ ಯಾರಿಗೆ? ಆಗ ಮಹಾರಾಷ್ಟ್ರ ಸರ್ಕಾರ ನಗರದ ಕುಟುಂಬಕ್ಕೆ ಎಳೆದ ಗೆರೆ ವರ್ಷಕ್ಕೆ 59,000 ರೂಪಾಯಿ. ತಿಂಗಳಿಗೆ ಐದು ಸಾವಿರವೂ ಆಗಲಿಲ್ಲ! ತಟ್ಟೆ ತೊಳೆಯುವವನೂ ಆ ಗೆರೆ ದಾಟುತ್ತಾನೆ. ಖೋಲಿಯ ಬಾಡಿಗೆ ಕೊಟ್ಟಮೇಲೆ ಅವನ ಕೈಯಲ್ಲಿ ಉಳಿಯುವುದನ್ನು ಯಾವ ಸಾಹೇಬರು ಎಣಿಸಿದರು?

ಸಿಗುವುದನ್ನಾದರೂ ನಾವು ಬಿಡಬಾರದು. ಊರಿನ ಕಾರ್ಡು ಆ ಕಾಯ್ದೆಯದಾಗಿದ್ದು ಆಧಾರಿಗೆ ಜೋಡಣೆಯಾಗಿದ್ದರೆ, ನಿಮ್ಮ ಪಾಲಿನ ಧಾನ್ಯವನ್ನು ಇಲ್ಲಿಯ ಅಂಗಡಿಯಲ್ಲೇ ಹೆಬ್ಬೆರಳು ಒತ್ತಿ ಪಡೆಯಬಹುದು. 2022ರಿಂದ ಎಲ್ಲ ರಾಜ್ಯಗಳಲ್ಲೂ ಈ ಏರ್ಪಾಡಿದೆ. ಬಸುರಿ, ಬಾಣಂತಿಯರಿಗೂ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೂ ಅಂಗನವಾಡಿಯ ಆಹಾರ ಅದೇ ಕಾಯ್ದೆಯ ಹಕ್ಕು. ಅದಕ್ಕೆ ಆದಾಯದ ಗೆರೆಯಿಲ್ಲ. ಯಾರಾದರೂ ಹಿಂದೆ ಕಳಿಸಿದರೆ ನಮ್ಮ ಕಚೇರಿಗೆ ಬನ್ನಿ, ಜೊತೆಗೆ ನಾವು ಬರುತ್ತೇವೆ.

ಧಣಿಗಳಿಗೆ ನಮ್ಮ ಬೇಡಿಕೆ ಒಂದೇ: ಗಿರಾಕಿಗೆ ಬಡಿಸುವ ಸಾಂಬಾರು, ಪಲ್ಯಗಳನ್ನೇ ಕೆಲಸದವರಿಗೂ ಬಡಿಸಿ, ದಿನಕ್ಕೊಂದು ಮೊಟ್ಟೆಯನ್ನೋ ಲೋಟ ಹಾಲನ್ನೋ ಕೊಡಿ. ಒಂದು ಪ್ಲೇಟು ಇಡ್ಲಿಯ ಬೆಲೆಯೂ ಅದಕ್ಕೆ ಬೀಳುವುದಿಲ್ಲ. ಲೆಕ್ಕ ನಮಗೂ ಗೊತ್ತು, ಗಲ್ಲಾದ ಮುಂದೆ ನಿಂತು ಬೆಳೆದವರು ನಾವು.