ಸ್ಟೆತಾಸ್ಕೋಪಿನ ಜೊತೆಗೊಂದು ಕಿರ್ದಿ ಪುಸ್ತಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಮಗನೋ ಮಗಳೋ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದರೆ ಸಾಕು, ‘ಡಾಕ್ಟ್ರು ಓದಿಸ್ತೀವಿ ಮೇಷ್ಟ್ರೇ’ ಎಂಬ ಮಾತು ಶುರು. ಓದಿಸಲಿ, ಸಂತೋಷ. ಸೀಟಿಗೆ ಎಷ್ಟಾಗುತ್ತದೆಂದು ಎಲ್ಲರೂ ವಿಚಾರಿಸುತ್ತಾರೆ. ಓದು ಮುಗಿಸಿ ಬಂದು ಬೋರ್ಡು ಹಾಕಿದ ಮೇಲಿನ ಲೆಕ್ಕವನ್ನು ಕೇಳಿದವರು ಕಡಿಮೆ. ಐದೂವರೆ ವರ್ಷದ ಎಂ.ಬಿ.ಬಿ.ಎಸ್.ನಲ್ಲಿ ಹೃದಯದ ನಾಲ್ಕು ಕೋಣೆಗಳ ಪಾಠವಿದೆ. ಕ್ಲಿನಿಕ್ಕಿನ ಒಂದು ಕೋಣೆಯ ಬಾಡಿಗೆ ಕರಾರಿನ ಪಾಠವಿಲ್ಲ.

ವಿದ್ಯಾರ್ಥಿಗಳೇ, ಪೆನ್ಸಿಲ್ ಹಿಡಿದು ಈ ಲೆಕ್ಕ ಮಾಡಿ. ಹೊಸ ಡಾಕ್ಟರು ಕಟ್ಟಡ, ಉಪಕರಣಕ್ಕೆಂದು 20 ಲಕ್ಷ ರೂಪಾಯಿ ಸಾಲ ತೆಗೆದರು ಎನ್ನಿ. ಬಡ್ಡಿ ಶೇಕಡ 12, ಅವಧಿ 10 ವರ್ಷ. ತಿಂಗಳ ಕಂತು ಸುಮಾರು 28,700 ರೂಪಾಯಿ. ಒಬ್ಬ ರೋಗಿಯಿಂದ ನೂರು ರೂಪಾಯಿ ಫೀಸು, ತಿಂಗಳಿಗೆ 25 ದಿನ ಕೆಲಸ. ಅಂದರೆ ಪ್ರತಿದಿನ ಮೊದಲ ಹನ್ನೊಂದು, ಹನ್ನೆರಡು ಜನರ ಫೀಸು ನೇರವಾಗಿ ಬ್ಯಾಂಕಿಗೆ. ನರ್ಸಿನ ಸಂಬಳ, ಕರೆಂಟು ಬಿಲ್ಲು, ಸ್ವಂತ ಮನೆಯ ಅಕ್ಕಿ ಬೇಳೆ ಅದಾದ ಮೇಲೆ. ಮೊದಲ ವರ್ಷ ದಿನಕ್ಕೆ ಹತ್ತೇ ಜನ ಬಂದರೆ? ಆಗಲೇ ಬೇಡದ ರಕ್ತಪರೀಕ್ಷೆ, ಬೇಡದ ಗ್ಲೂಕೋಸ್ ಬಾಟ್ಲಿ ಚೀಟಿಯೊಳಗೆ ನುಸುಳುವುದು. ಚೀಟಿ ಬರೆಯುವ ಕೈ ಡಾಕ್ಟರದು, ಬರೆಸುವುದು ಸಾಲ. ರೋಗಿಯನ್ನು ಕಳಿಸಿಕೊಟ್ಟಿದ್ದಕ್ಕೆ ಕಮಿಷನ್ ಪಡೆಯುವುದನ್ನು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ನಿಷೇಧಿಸಿವೆ. ಕಂತು ಕಟ್ಟಲಾಗದವನಿಗೆ ಆ ನಿಯಮ ಬಲು ಭಾರ.

ನಮ್ಮ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ತಿಪಟೂರು ಟಾಲ್ ಸಸಿ ನೆಟ್ಟವರು ಫಸಲಿಗೆ ಆರೇಳು ವರ್ಷ ಕಾಯುತ್ತಾರೆ; ಅಲ್ಲಿಯವರೆಗೆ ಸಾಲುಗಳ ನಡುವೆ ಬಾಳೆಯೋ ರಾಗಿಯೋ ಹಾಕಿ ಹೊಟ್ಟೆ ಹೊರೆಯುತ್ತಾರೆ. ಡಾಕ್ಟರಿಗೂ ಅದೇ ದಾರಿ. ಎರಡು ಮೂರು ವರ್ಷ ಸರ್ಕಾರಿ ಆಸ್ಪತ್ರೆಯಲ್ಲೋ ಹಿರಿಯರ ಬಳಿಯೋ ದುಡಿದು, ಬಾಡಿಗೆ ಕೋಣೆಯಲ್ಲಿ ಆರಂಭಿಸಿದರೆ ಮಾನಕ್ಕೇನೂ ಕುಂದಿಲ್ಲ. ಬಾಡಿಗೆ ಕರಾರು ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು, ಅಷ್ಟೇ.

ಇನ್ನು ಕಾನೂನು. ಒಂದೇ ಕೋಣೆಯ ಕ್ಲಿನಿಕ್ಕಾದರೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಾಯಿಸಬೇಕು. ಈ ಮೂರು ತಾಲ್ಲೂಕಿನವರಿಗೆ ಅದು ತುಮಕೂರಿನ ಕೆಲಸ. ಸ್ಕ್ಯಾನಿಂಗ್ ಯಂತ್ರ ಇಟ್ಟರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆಯಡಿ ಬೇರೆ ನೋಂದಣಿ. ಅದರ ಫಾರಂನಲ್ಲಿ ಕಾಲಂ ಖಾಲಿ ಬಿಟ್ಟರೂ ಕೇಸಾಗಬಹುದು. ಸೂಜಿ, ಹತ್ತಿಯನ್ನು ತೋಟದ ಗುಂಡಿಯಲ್ಲಿ ಸುಡುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಬಣ್ಣದ ಚೀಲಗಳಲ್ಲಿ ಬೇರ್ಪಡಿಸಿ ಅಧಿಕೃತ ಘಟಕಕ್ಕೆ ಕೊಡಬೇಕು.

ಫೀಸು ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿತು. ಅಂದಿನಿಂದ ವೈದ್ಯರು ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸುವುದು ಹೆಚ್ಚಿತು. ಮಾಡಿಸಬೇಕಾದದ್ದೇ. ಆದರೆ ನನ್ನ ದೃಷ್ಟಿಯಲ್ಲಿ ವಿಮೆಗಿಂತ ದೊಡ್ಡ ರಕ್ಷಣೆ ಓದಲು ಬರುವಂಥ ಕೈಬರಹದ ಕೇಸ್ ಶೀಟು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದವರಿಗೆ 72 ಗಂಟೆಯೊಳಗೆ ಕೊಡಬೇಕು ಎಂದು ಅದೇ 2002ರ ನಿಯಮ ಹೇಳುತ್ತದೆ. (ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ಕೊನೆಯ ವಾರ ಗೀಚುವ ನನ್ನ ಶಿಷ್ಯರು ಇದನ್ನು ಗಮನಿಸಬೇಕು.)

ತೆರಿಗೆಗೆ ಹೆದರಬೇಕಿಲ್ಲ. ವರ್ಷದ ಒಟ್ಟು ಫೀಸು 50 ಲಕ್ಷ ಮೀರದ ವೈದ್ಯರು ಅದರ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟುವ ಸರಳ ಏರ್ಪಾಡಿದೆ. ಹಾಗೆಂದು ಕಿರ್ದಿ ಬರೆಯುವುದನ್ನು ಬಿಡಬೇಡಿ. ಕ್ಲಿನಿಕ್ಕಿನ ಗಲ್ಲಾಪೆಟ್ಟಿಗೆಯಿಂದಲೇ ಮನೆಯ ತರಕಾರಿಗೂ ದುಡ್ಡು ತೆಗೆಯುತ್ತಾ ಹೋದರೆ ಲಾಭವೋ ನಷ್ಟವೋ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಬ್ಯಾಂಕಿನಲ್ಲಿ ಎರಡು ಖಾತೆ ಇರಲಿ.

ಕೊನೆಯದಾಗಿ ಪೋಷಕರಿಗೆ. ಮಗನ ನರ್ಸಿಂಗ್ ಹೋಮಿಗಾಗಿ ಪಿತ್ರಾರ್ಜಿತ ತೋಟವನ್ನು ಅಡವಿಡುವ ಮಾತು ಬಂದರೆ, 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಆದ ತಿದ್ದುಪಡಿಯನ್ನು ವಕೀಲರಿಂದ ಕೇಳಿ ತಿಳಿಯಿರಿ. ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ, ಮದುವೆಯಾಗಿ ಹೋದವರಿಗೂ. ಬ್ಯಾಂಕಿನ ಕಾಗದ ಸಿದ್ಧವಾಗುವ ಮೊದಲೇ ಅವರನ್ನು ಮನೆಗೆ ಕರೆಸಿ, ಕೂರಿಸಿ, ಕಂತಿನ ಲೆಕ್ಕವನ್ನು ಅವರ ಮುಂದೆಯೇ ಮಾಡಿ.