ಅಂಕ ಸಿಗದವರು

ನಮ್ಮ ಓಣಿಗಳಲ್ಲಿ ಈಗ ಹೊಸದೊಂದು ಅಂಕಪಟ್ಟಿ ಓಡಾಡುತ್ತಿದೆ. ಎಸ್ಸೆಸ್ಸೆಲ್ಸಿಯದಲ್ಲ, ಸಿಇಟಿಯದೂ ಅಲ್ಲ, ಆಸ್ಟ್ರೇಲಿಯಾದ್ದು. ವಲೀಮಾದ ದಸ್ತರಖಾನಿನ ಮುಂದೆ ಕೂತ ಇಂಜಿನಿಯರ್ ಹುಡುಗರು ಬಿರಿಯಾನಿ ಬರುವಷ್ಟರಲ್ಲಿ ಬೆರಳು ಮಡಚಿ ಲೆಕ್ಕ ಮುಗಿಸಿರುತ್ತಾರೆ. 25ರಿಂದ 32ರೊಳಗಿನ ವಯಸ್ಸಿಗೆ 30, ಡಿಗ್ರಿಗೆ 15, ಐದು ವರ್ಷದ ನೌಕರಿಗೆ 10, ಇಂಗ್ಲಿಷ್ ಪರೀಕ್ಷೆಯಲ್ಲಿ ಅತ್ಯುನ್ನತ ದರ್ಜೆ ಬಂದರೆ 20. ಒಟ್ಟು 65 ಆದರೆ ಸರದಿಯಲ್ಲಿ ನಿಲ್ಲುವ ಅರ್ಹತೆ. ನಿಂತವರನ್ನೆಲ್ಲ ಕರೆಯುತ್ತಾರೆ ಎಂದೇನಿಲ್ಲ. ಹೆಚ್ಚು ಅಂಕದವರನ್ನು ಮೊದಲು ಕರೆಯುತ್ತಾರೆ, ಉಳಿದವರು ಮುಂದಿನ ಸುತ್ತಿಗೆ ಕಾಯುತ್ತಾರೆ. ಕಾಯುವಾಗ ವಯಸ್ಸು 33 ಆಯಿತೆಂದರೆ 5 ಅಂಕ ಹೋಯಿತು. 45 ತುಂಬಿತೆಂದರೆ ಬಾಗಿಲೇ ಹೋಯಿತು.

ನಾವು ಹೋಗುವುದರ ವಿರುದ್ಧ ಬರೆಯುತ್ತಿಲ್ಲ. ನಮ್ಮ ವಯಸ್ಸಿಗೆ ಆ ಬಾಗಿಲು ಮುಚ್ಚುತ್ತಾ ಬಂದಿರುವುದರಿಂದ, ಎಟುಕದ ದ್ರಾಕ್ಷಿ ಹುಳಿ ಎಂಬ ಮಾತು ಬರಬಹುದು, ಬರಲಿ. 'ಕಾಫಿರರ ದೇಶಕ್ಕೆ ಹೋದರೆ ದೀನ್ ಉಳಿಯುವುದಿಲ್ಲ' ಎನ್ನುವ ಹಿರಿಯರ ಮಾತನ್ನೂ ನಾವು ಒಪ್ಪುವುದಿಲ್ಲ. ಇನ್ನೊಬ್ಬರ ಮಕ್ಕಳು ಮರಳುಗಾಡಿನಲ್ಲಿ ದುಡಿದು ಕಳಿಸಿದ ಹಣದಲ್ಲಿ ಮಿನಾರು ಎತ್ತರಿಸಿದಾಗ ಇವರಿಗೆ ವಲಸೆ ತಪ್ಪಾಗಿ ಕಂಡಿರಲಿಲ್ಲ. ಹಾಗೆಯೇ, ಮಂಡ್ಯದ ಹುಡುಗ ಹೋದರೆ ಸಾಧನೆ, ನಮ್ಮ ಹುಡುಗ ಹೋದರೆ ದೇಶಪ್ರೇಮದ ಕೊರತೆ ಎನ್ನುವವರ ಮಾತಿಗೆ ಉತ್ತರ ಕೊಡುವುದೇ ದಂಡ. 2021ರ ಆಸ್ಟ್ರೇಲಿಯಾದ ಜನಗಣತಿಯಲ್ಲಿ ಭಾರತದಲ್ಲಿ ಹುಟ್ಟಿದವರು 6,73,352 ಜನ. ಅವರೆಲ್ಲ ಯಾರ ಮೇಲೆ ಮುನಿಸಿಕೊಂಡು ಹೋದವರು?

ನಮ್ಮ ತಕರಾರು ಬೇರೆ. ಒಂದು ಕುಟುಂಬ ಹೋಗುತ್ತದೆ ಎನ್ನುತ್ತೇವೆ. ಆದರೆ ಲೆಕ್ಕವಾಗುವುದು ಒಬ್ಬ ಗಂಡಸು. ಆ ಸರ್ಕಾರ ಹಾಗೆ ಲೆಕ್ಕ ಹಾಕುವುದು ಅದರ ಸ್ವಾರ್ಥ, ಅರ್ಥವಾಗುತ್ತದೆ. ನಾವು ಮನೆಯೊಳಗೆ ಅದೇ ಲೆಕ್ಕ ಹಾಕತೊಡಗಿದ್ದೇವಲ್ಲ, ಅದಕ್ಕೇನು ಹೇಳುವುದು?

ಅಂಕಪಟ್ಟಿಯ ಒಂದು ಸಾಲನ್ನು ಓದುಗರು ಗಮನಿಸಬೇಕು. ಮದುವೆಯಾಗದವನಿಗೆ 10 ಅಂಕ. ಹೆಂಡತಿಯೂ ಬೇಡಿಕೆಯ ಕಸುಬಿನವಳಾಗಿ, ಅವಳ ಅರ್ಹತೆಯನ್ನು ಅಲ್ಲಿನ ಸಂಸ್ಥೆ ಒಪ್ಪಿದರೆ ಆಗಲೂ 10. ಅವಳಿಗೆ ಇಂಗ್ಲಿಷ್ ಮಾತ್ರ ಚೆನ್ನಾಗಿದ್ದರೆ 5. ಉರ್ದುವಿನಲ್ಲಿ ಖುರ್‌ಆನಿನ ತಫ್ಸೀರ್ ಓದಬಲ್ಲ, ಕನ್ನಡದಲ್ಲಿ ರೇಷನ್ ಅಂಗಡಿಯವನ ಬಾಯಿ ಮುಚ್ಚಿಸಬಲ್ಲ, ಮೂರು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸಾದರೆ ಸೊನ್ನೆ. ಅಂದರೆ ಅವಳು ಇಲ್ಲದೇ ಇದ್ದಿದ್ದರೆ ಗಂಡನಿಗೆ 10 ಅಂಕ ಹೆಚ್ಚು! ಅಷ್ಟೇ ಅಲ್ಲ, ಅವಳಿಗೆ ವ್ಯವಹಾರಕ್ಕೆ ಬೇಕಾದಷ್ಟು ಇಂಗ್ಲಿಷ್ ಇದೆಯೆಂದು ತೋರಿಸಲಾಗದಿದ್ದರೆ ಸುಮಾರು 4,900 ಡಾಲರು ಬೇರೆ ಕಟ್ಟಬೇಕು.

ಇದರ ಪರಿಣಾಮ ಹೆಣ್ಣು ನೋಡುವ ಶಾಸ್ತ್ರಕ್ಕೂ ಬಂದು ತಲುಪಿದೆ. 'ಹುಡುಗಿ ನರ್ಸಿಂಗ್ ಆಗಿದ್ದರೆ ನೋಡಿ, ಐಟಿಯಾದರೂ ನಡೆಯುತ್ತದೆ' ಎಂದು ದಲ್ಲಾಳಿಗೆ ಹೇಳಿ ಕಳಿಸುವ ಮನೆಗಳನ್ನು ನಾವು ಬಲ್ಲೆವು. ಹೆಣ್ಣುಮಕ್ಕಳು ಓದಲಿ ಎಂದು ನಾವು ಇಪ್ಪತ್ತು ವರ್ಷ ಬರೆದೆವು, ವೇದಿಕೆಗಳಲ್ಲಿ ಕೂಗಿದೆವು. ಓದಿದರು. ಈಗ ಆ ಓದು ಬೈಕಿನ ಜಾಗದಲ್ಲಿ, ಜೋಡೆಯ ಜಾಗದಲ್ಲಿ ಬಂದು ಕುಳಿತಿದೆ. ಮೊದಲು ತಂದೆಯಿಂದ ರೊಕ್ಕ ತರಬೇಕಿತ್ತು, ಈಗ ಅಂಕ ತರಬೇಕು. ರೊಕ್ಕವನ್ನು ಬೇಡ ಎಂದರು ಅಂತಲೂ ಇಲ್ಲ.

ತಂದ ಅಂಕಕ್ಕೆ ಅಲ್ಲಿ ಹೋದ ಮೇಲೆ ಏನಾಗುತ್ತದೆ? ವೀಸಾಕ್ಕಾಗಿ ಆದ ಅರ್ಹತಾ ಪರಿಶೀಲನೆ ಬೇರೆ, ಕೆಲಸ ಮಾಡಲು ಬೇಕಾದ ನೋಂದಣಿ ಬೇರೆ. ಶಿಕ್ಷಕಿಯಾಗಿ ಪರಿಶೀಲನೆ ಮುಗಿಸಲು ಇಂಗ್ಲಿಷಿನಲ್ಲಿ ಮಾತು ಮತ್ತು ಆಲಿಸುವಿಕೆಗೆ ಐಇಎಲ್‌ಟಿಎಸ್‌ನಲ್ಲಿ 8 ಬೇಕು. ಪಾಸಾದರೂ ಆಯಾ ರಾಜ್ಯದ ನೋಂದಣಿ ಇಲ್ಲದೆ ತರಗತಿಗೆ ಕಾಲಿಡುವಂತಿಲ್ಲ. ನರ್ಸ್ ಆದರೆ ಮತ್ತೆ ಪರೀಕ್ಷೆಗಳು. ಅದಕ್ಕೆ ಹಣ ಬೇಕು, ತಿಂಗಳುಗಟ್ಟಲೆ ಬಿಡುವು ಬೇಕು. ಮೊದಲ ವರ್ಷ ಹಣವೂ ಬಿಡುವೂ ಸಲ್ಲುವುದು ಗಂಡನಿಗೆ. ಮೆಲ್ಬರ್ನಿನ ಪಶ್ಚಿಮದ ಬಡಾವಣೆಯೊಂದರಲ್ಲಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ. ಇಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಐದು ವರ್ಷದಿಂದ ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಡಬ್ಬ ಕಟ್ಟುತ್ತಾಳೆ, ಹಗಲು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. 'ಇದೂ ಹಲಾಲ್ ದುಡಿಮೆಯೇ ತಾನೆ ಭಾಯ್' ಎಂದಳು. ಹೌದು, ಹಲಾಲೇ. ಆದರೆ ಅವಳ ಬಿ.ಎಡ್. ಸರ್ಟಿಫಿಕೇಟು ಯಾರ ಕಡತಕ್ಕೆ ಕೆಲಸಕ್ಕೆ ಬಂತು?

ಇದು ಅವಳೊಬ್ಬಳ ಕಥೆಯಲ್ಲ, ಹೆಂಗಸರದ್ದು ಮಾತ್ರವೂ ಅಲ್ಲ. ಕುಶಲ ವೀಸಾದಲ್ಲಿ ಬಂದು ಕಾಯಂ ನೆಲೆಸಿದವರಲ್ಲಿ ಹತ್ತಿರಹತ್ತಿರ ನಾಲ್ವರಲ್ಲಿ ಒಬ್ಬರು ತಮ್ಮ ಕೌಶಲಕ್ಕಿಂತ ಕೆಳಗಿನ ಕೆಲಸದಲ್ಲಿದ್ದಾರೆ ಎಂದು ಅಲ್ಲಿನ ಸೀಡಾ ಎಂಬ ಸಂಶೋಧನಾ ಸಂಸ್ಥೆ 2021ರಲ್ಲಿ ಹೇಳಿತು. ಏಜೆಂಟನ ಗಾಜಿನ ಕೋಣೆಯ ಗೋಡೆಯ ಮೇಲೆ ಸಿಡ್ನಿಯ ಸೇತುವೆಯ ಚಿತ್ರ ಇರುತ್ತದೆ, ಈ ಸಂಖ್ಯೆ ಇರುವುದಿಲ್ಲ. ಆಸ್ಟ್ರೇಲಿಯಾದೊಳಗೆ ಈ ಸಲಹೆ ಮಾರುವವನು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ನಮ್ಮೂರಿನ ಮಹಡಿಯ ಮೇಲೆ ಕೂತವನಿಗೆ ಆ ದೇಶದ ಕಾನೂನು ತಗಲುವುದಿಲ್ಲ. 'ಕೆಲಸ ಸಿಗುವವರೆಗೆ ಸರ್ಕಾರವೇ ಸಾಕುತ್ತದೆ' ಎನ್ನುತ್ತಾನೆ. ಸುಳ್ಳು. ಮೆಡಿಕೇರ್ ಎಂಬ ಆರೋಗ್ಯ ಸೌಲಭ್ಯ ಕಾಯಂ ವೀಸಾದವರಿಗೆ ಬಂದ ಕೂಡಲೇ ಉಂಟು, ನಿಜ. ಆದರೆ ನಿರುದ್ಯೋಗ ಭತ್ಯೆಗೆ 2019ರ ಜನವರಿಯಿಂದೀಚೆಗೆ ಬಂದವರು ನಾಲ್ಕು ವರ್ಷ ಕಾಯಬೇಕು. ಬಾಡಿಗೆ ಮನೆಗೆ ಅರ್ಜಿ ಹಾಕಿದರೆ ಹಿಂದಿನ ಮನೆ ಮಾಲೀಕನ ಪತ್ರ ಕೇಳುತ್ತಾರೆ. ಮೊನ್ನೆ ವಿಮಾನ ಇಳಿದವನಿಗೆ ಹಿಂದಿನ ಮಾಲೀಕ ಎಲ್ಲಿಂದ ಬರಬೇಕು?

ಇನ್ನು ಭಾಷೆಯ ಮಾತು. ಇದರಲ್ಲಿ ನಗು ತರಿಸುವಂಥದ್ದೊಂದಿದೆ. ನಾಟಿ ಎಂಬ ಸಂಸ್ಥೆ ನಡೆಸುವ ಸಮುದಾಯ ಭಾಷಾ ಪರೀಕ್ಷೆಯಲ್ಲಿ ಎರಡು ಸಂಭಾಷಣೆಗಳನ್ನು ಇಂಗ್ಲಿಷಿನಿಂದ ತಾಯ್ನುಡಿಗೂ ತಾಯ್ನುಡಿಯಿಂದ ಇಂಗ್ಲಿಷಿಗೂ ತಿರುಗಿಸಬೇಕು. 90ಕ್ಕೆ 63 ಬಂದರೆ 5 ಅಂಕ. ಆ ಪಟ್ಟಿಯಲ್ಲಿ ಕನ್ನಡವಿದೆ, ಉರ್ದುವೂ ಇದೆ. ಅನ್ನ ಕೊಡುವುದಿಲ್ಲವೆಂದು ಎಲ್‌ಕೆಜಿಯಿಂದಲೇ ಕನ್ನಡವನ್ನೂ ಉರ್ದುವನ್ನೂ ಬಿಡಿಸಿಕೊಂಡು ಬೆಳೆದ ಹುಡುಗರು ಈಗ 5 ಅಂಕಕ್ಕಾಗಿ ಕೋಚಿಂಗಿಗೆ ಕೂತು 'ಬಾಡಿಗೆ ಕರಾರು', 'ರಕ್ತದೊತ್ತಡ' ಎಂದು ಬಾಯಿಪಾಠ ಮಾಡುತ್ತಿದ್ದಾರೆ. ದಾಟಿದ ಮೇಲೆ ದೋಣಿಯನ್ನು ಯಾರು ಹೊರುತ್ತಾರೆ? ಅಲ್ಲಿನ ಜನಗಣತಿಯ ನಮೂನೆಯಲ್ಲಿ ಮನೆಯಲ್ಲಿ ಇಂಗ್ಲಿಷಲ್ಲದೆ ಬಳಸುವ ಭಾಷೆ ಯಾವುದೆಂದು ಕೇಳುತ್ತಾರೆ. ಒಂದನ್ನೇ ಬರೆಯಬೇಕು. ಅಡುಗೆಮನೆಯಲ್ಲಿ ದಖನಿ, ಅಂಗಳದಲ್ಲಿ ಕನ್ನಡ ಆಡಿಕೊಂಡು ಬೆಳೆದ ನಮ್ಮಂಥವರು ಯಾವುದನ್ನು ಬರೆಯಬೇಕು? ಉರ್ದು ಎಂದು ಬರೆದರೆ ಕನ್ನಡಿಗರ ಲೆಕ್ಕದಿಂದ ಹೊರಗೆ. ಕನ್ನಡ ಸಂಘದ ದೀಪಾವಳಿಗೆ ಹೋದರೆ 'ನಿಮಗೆ ಇಷ್ಟು ಚೆನ್ನಾಗಿ ಕನ್ನಡ ಬರುತ್ತದೆಯೇ' ಎಂಬ ಪ್ರಶ್ನೆ ಹತ್ತು ಸಾವಿರ ಕಿಲೋಮೀಟರು ದಾಟಿ ಅಲ್ಲಿಗೂ ಬಂದಿರುತ್ತದೆ. ಲಾಕೆಂಬಾದ ಮಸೀದಿಗೆ ಹೋದರೆ ಸುತ್ತ ಲೆಬನಾನಿನವರ ಅರಬಿ. ಮಗು ಎರಡನ್ನೂ ಬಿಟ್ಟು ಇಂಗ್ಲಿಷಿಗೆ ತಿರುಗಿದರೆ ಮಗುವನ್ನು ಬೈಯುವುದು ಅನ್ಯಾಯ.

ಕೆಲವರು ಕೇಳುತ್ತಾರೆ, ಹನೀಫರಿಗೆ ಆದದ್ದು ಮರೆತಿರಾ ಎಂದು. ಮರೆತಿಲ್ಲ. ಮೂಡಿಗೆರೆಯ ಡಾ. ಮೊಹಮ್ಮದ್ ಹನೀಫ್ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದವರು. 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ದೂರದ ಸಂಬಂಧಿಗೆ ಬಿಟ್ಟುಬಂದ ಒಂದು ಸಿಮ್ ಕಾರ್ಡು ಅವರ ಅಪರಾಧ. ಜಾಮೀನು ಸಿಕ್ಕಿದ ದಿನವೇ ಮಂತ್ರಿ ವೀಸಾ ರದ್ದು ಮಾಡಿದರು. ಜುಲೈ 27ಕ್ಕೆ ಆರೋಪ ಬಿದ್ದುಹೋಯಿತು, ಆಗಸ್ಟಿನಲ್ಲಿ ನ್ಯಾಯಾಲಯ ವೀಸಾ ರದ್ದತಿಯನ್ನೂ ತಳ್ಳಿಹಾಕಿತು. 2008ರ ಕ್ಲಾರ್ಕ್ ವಿಚಾರಣೆ ಅವರ ವಿರುದ್ಧ ಏನೂ ಇರಲಿಲ್ಲ ಎಂದಿತು, 2010ರಲ್ಲಿ ಸರ್ಕಾರ ಪರಿಹಾರ ಕೊಟ್ಟಿತು. ನಮ್ಮ ಗುಲ್ಬರ್ಗದ ಫಾರ್ಮಸಿ ವಿದ್ಯಾರ್ಥಿಯೊಬ್ಬ 1994ರಲ್ಲಿ ಬಂಧಿತನಾಗಿ 22 ವರ್ಷದ ಲೆಕ್ಕ ಮುಗಿಸಿ 2016ರಲ್ಲಿ ಸುಪ್ರೀಂ ಕೋರ್ಟಿನಿಂದ ಬಿಡುಗಡೆಯಾದುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಹೋಗಬೇಡಿ ಎನ್ನಲು ಹನೀಫರ ಹೆಸರು ಹೇಳುವವರು ಎಷ್ಟು ಅವಸರದವರು ಎಂದು ತಿಳಿಯುತ್ತದೆ. ಹಾಗೆಂದು ಆ ನೆಲ ನಮಗಾಗಿ ರತ್ನಗಂಬಳಿ ಹಾಸಿದೆ ಎಂದಲ್ಲ. 2025ರ ಆಗಸ್ಟ್ 31ರಂದು ಅಲ್ಲಿನ ನಗರಗಳಲ್ಲಿ ವಲಸೆಯ ವಿರುದ್ಧ ಮೆರವಣಿಗೆ ನಡೆದಾಗ ಕರಪತ್ರದಲ್ಲಿ ಭಾರತೀಯರನ್ನೇ ಹೆಸರಿಸಿ ಬೆರಳು ತೋರಿಸಿದ್ದರು. ಅಲ್ಲಿ ನಾವು ಮುಸಲ್ಮಾನರೆಂದು ಒಮ್ಮೆ, ಭಾರತೀಯರೆಂದು ಇನ್ನೊಮ್ಮೆ.

ನಮಗಿಂತ ಮೊದಲು ಹೋದವರ ಕಥೆಯೂ ಇದೆ. 1860ರಲ್ಲಿ ಆ ಖಂಡದ ಒಡಲನ್ನು ಶೋಧಿಸಲು ಹೊರಟ ಬಿಳಿಯರ ತಂಡಕ್ಕೆ ಒಂಟೆಗಳೂ ಒಂಟೆ ನಡೆಸುವವರೂ ಕರಾಚಿಯಿಂದ ಹೋದರು. ಬಲೂಚಿ, ಪಠಾಣ, ಪಂಜಾಬಿ, ಸಿಂಧಿ ಎಲ್ಲರನ್ನೂ 'ಆಫ್ಘನ್' ಎಂದೇ ಕರೆದರು. ಅಡಿಲೇಡಿನ ಮಸೀದಿ 1888-89ರಲ್ಲಿ ಕಟ್ಟಿದ್ದು. ಒಂಟೆ ಬೇಕಿದ್ದವು, ಒಂಟೆಯವರ ಹೆಂಡಿರು ಮಕ್ಕಳು ಬೇಕಿರಲಿಲ್ಲ. 1901ರಲ್ಲಿ ಕಾನೂನೇ ಬಂತು: ಯಾವುದಾದರೊಂದು ಯುರೋಪಿನ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಬರೆಸಿ, ಬೇಡದವರನ್ನು ನಪಾಸು ಮಾಡುವುದು. ಆ ಪರೀಕ್ಷೆ 1958ರವರೆಗೆ ಇತ್ತು. ಇಂದಿನ ಇಂಗ್ಲಿಷ್ ಪರೀಕ್ಷೆ ಅದಲ್ಲ, ಒಪ್ಪುತ್ತೇವೆ. ಪ್ರಶ್ನೆ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದಾದರೂ ಗೊತ್ತಿರುತ್ತದೆ.

ಕಡೆಗೆ ತಂದೆತಾಯಿ. ಅಂಕಪಟ್ಟಿಯಲ್ಲಿ ಇವರಿಗೆ ಸಾಲೇ ಇಲ್ಲ. ಕಾಯಂ ಪೋಷಕ ವೀಸಾಕ್ಕೆ ಮಕ್ಕಳಲ್ಲಿ ಅರ್ಧದಷ್ಟಾದರೂ, ಇಲ್ಲವೇ ಬೇರಾವುದೇ ಒಂದು ದೇಶದಲ್ಲಿರುವುದಕ್ಕಿಂತ ಹೆಚ್ಚಿನವರು, ಅಲ್ಲಿ ನೆಲೆಸಿರಬೇಕು. ಮೂವರು ಮಕ್ಕಳಲ್ಲಿ ಒಬ್ಬ ಅಲ್ಲಿ, ಇಬ್ಬರು ಇಲ್ಲಿ ಎಂದರೆ ಮುಗಿಯಿತು. ಅರ್ಹತೆ ಇದ್ದವರಿಗೂ ಸಾಮಾನ್ಯ ಸರದಿ 30 ವರ್ಷ ಮೀರಿದೆ. ಅರವತ್ತೈದರ ಅಬ್ಬಾ ತೊಂಬತ್ತೈದರ ತನಕ ಕಾಯಬೇಕು! ತಲೆಗೆ 40 ಸಾವಿರ ಡಾಲರಿಗೂ ಹೆಚ್ಚು ತೆರುವ ಇನ್ನೊಂದು ಸಾಲಿದೆ, ಅದರಲ್ಲೂ ಹತ್ತು ವರ್ಷಕ್ಕೆ ಮೀರಿ ಕಾಯಬೇಕು. 2019ರಲ್ಲಿ ಬಂದ ತಾತ್ಕಾಲಿಕ ಪೋಷಕ ವೀಸಾ ಮೂರು ಅಥವಾ ಐದು ವರ್ಷದ್ದು. ಕೆಲಸ ಮಾಡುವಂತಿಲ್ಲ, ಖಾಸಗಿ ಆರೋಗ್ಯ ವಿಮೆ ಕೊಳ್ಳಲೇಬೇಕು, ಎಲ್ಲ ಸೇರಿ ಹತ್ತು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ಇದನ್ನು ಯಾವ ಮಗ ಅಮ್ಮಿಯ ಮುಂದೆ ಕೂತು ಓದಿ ಹೇಳಿದ್ದಾನೆ? 'ನೀವು ಆಮೇಲೆ ಬರುವಿರಂತೆ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಗಲ್ಫಿಗೆ ಹೋದವನು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ, ಏಕೆಂದರೆ ಅವನ ಹೆಂಡತಿ ಮಕ್ಕಳು ಇಲ್ಲಿದ್ದರು. ಅವನು ಕಳಿಸಿದ ಹಣದಲ್ಲಿ ಇಲ್ಲಿ ಮನೆ ಎದ್ದಿತು. ಆಸ್ಟ್ರೇಲಿಯಾಕ್ಕೆ ಹೋಗುವವನು ಇಲ್ಲಿನ ಸೈಟು ಮಾರಿ ಹೋಗುತ್ತಾನೆ.

ಮಾರುವುದಾದರೆ ಸಹಿ ಹಾಕುವ ಮೊದಲು ಕೆಲವು ಮಾತುಗಳು ಇತ್ಯರ್ಥವಾಗಲಿ. ಮನೆಯಲ್ಲಿ ಅಮ್ಮಿಯ ಹೆಸರಿಗೆ ಒಂದು ಪಾಲು ಬರಲಿ, ಮಗ ಕಳಿಸುವ ಹಣದ ಭರವಸೆಯ ಮೇಲೆ ಅವಳ ಔಷಧಿ ನಿಲ್ಲದಿರಲಿ. ಹೆಂಡತಿಯ ನೋಂದಣಿಗೆ ಎಷ್ಟು ಖರ್ಚು, ಎಷ್ಟು ತಿಂಗಳು ಎಂಬುದು ಗಂಡನ ಕೆಲಸ ಹುಡುಕುವ ಲೆಕ್ಕದ ಪಕ್ಕದಲ್ಲೇ ಇರಲಿ. ಇಂಗ್ಲಿಷ್ ಬಾರದವಳಿಗೆ ಆ ಸರ್ಕಾರವೇ 1948ರಿಂದ ನಡೆಸುತ್ತಿರುವ ಉಚಿತ ತರಗತಿಗಳಿವೆ. ಹೋದ ಮೊದಲ ತಿಂಗಳೇ ಸೇರಿಕೊಳ್ಳಲಿ, ಮಗುವನ್ನು ಆ ಹೊತ್ತು ಗಂಡ ನೋಡಿಕೊಳ್ಳಲಿ. ಕಾಯಂ ವೀಸಾ ಒಮ್ಮೆ ಅವಳ ಕೈಗೆ ಬಂದ ಮೇಲೆ ಅದು ಅವಳದೇ, 'ವಾಪಸು ಕಳಿಸುತ್ತೇನೆ' ಎಂದು ಹೆದರಿಸುವ ಹಕ್ಕು ಯಾವ ಗಂಡನಿಗೂ ಇಲ್ಲ ಎಂಬುದನ್ನು ವಿಮಾನ ಹತ್ತುವ ಮೊದಲೇ ಅವಳಿಗೆ ಯಾರಾದರೂ ತಿಳಿಸಲಿ. 2025ರ ಜುಲೈಯ ದರದಂತೆ ನಾಲ್ವರ ಕುಟುಂಬಕ್ಕೆ ವೀಸಾ ಶುಲ್ಕವೇ ಹತ್ತು ಸಾವಿರ ಡಾಲರಿಗೆ ಹತ್ತಿರ. ಬಹುಪಾಲು ಮನೆಗಳಲ್ಲಿ ಅದು ಬರುವುದು ಸೊಸೆಯ ಚಿನ್ನದಿಂದ. ಆ ಚಿನ್ನದಲ್ಲಿ ಮಹರ್ ಕೂಡ ಸೇರಿರುತ್ತದೆ. ಮಹರ್ ಅವಳ ಸ್ವಂತ ಆಸ್ತಿ, ಅದನ್ನು ತೆಗೆದುಕೊಂಡರೆ ಅದು ಸಾಲ. ಸಾಲವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಖುರ್‌ಆನ್ ಹೇಳಿರುವುದು ಜುಮ್ಮಾ ಖುತ್ಬಾದಲ್ಲಿ ನಮಗೆ ಕೇಳಿಸಿದ್ದು ಅಪರೂಪ. ಎಷ್ಟು ಗ್ರಾಂ, ಯಾವ ತಾರೀಖು, ಯಾವಾಗ ಮರಳಿಸುವುದು ಎಂದು ಕಾಗದದ ಮೇಲೆ ಬರೆದು, ಗಂಡ ಸಹಿ ಹಾಕಿ, ಆ ಕಾಗದ ಅವಳ ಪಾಸ್‌ಪೋರ್ಟಿನ ಜೊತೆ ಅವಳ ಚೀಲದಲ್ಲಿ ಹೋಗಲಿ.